ಬಾಡಿಗೆದಾರನಿಗೆ ಬಾಡಿಗೆ ಕೊಟ್ಟ ಊರು

ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಫೀನಿಕ್ಸ್ ಮಹಾನಗರಕ್ಕೆ ಅಂಟಿಕೊಂಡು ಗ್ಲೆಂಡೇಲ್ ಎಂಬ ಊರಿದೆ. ಎರಡೂವರೆ ಲಕ್ಷದ ಆಸುಪಾಸು ಜನ, ಬೇಸಿಗೆಯಲ್ಲಿ ನಲವತ್ತೈದು ಡಿಗ್ರಿ ಬಿಸಿಲು, ಸುತ್ತ ಮರುಭೂಮಿ. ಅಲ್ಲಿನ ನಗರಾಡಳಿತ 2003ರಲ್ಲಿ ಹದಿನೇಳು ಸಾವಿರ ಜನ ಕೂರುವಂಥ ಒಳಾಂಗಣ ಅರೇನಾ ಕಟ್ಟಿಸಿತು, ಅದೂ ಐಸ್ ಹಾಕಿಗೆಂದು. ಹಾಕಿ ಅಂದರೆ ನಮಗೆ ಕೊಡಗಿನ ಮೈದಾನಗಳು ನೆನಪಾಗುತ್ತವೆ. ಇದು ಬೇರೆಯದೇ ಆಟ. ಮಂಜುಗಡ್ಡೆಯ ಮೇಲೆ ಸ್ಕೇಟ್ ಕಟ್ಟಿಕೊಂಡ ಆರಾರು ಮಂದಿ ಪಕ್ ಎಂಬ ಗಟ್ಟಿ ರಬ್ಬರ್ ಬಿಲ್ಲೆಯನ್ನು ಅಟ್ಟಿಸಿಕೊಂಡು ಹೋಗುವ ಆಟ. ಅರೇನಾದ ವೆಚ್ಚ ಸುಮಾರು 22 ಕೋಟಿ ಡಾಲರ್. ಅದರಲ್ಲಿ 18 ಕೋಟಿಯನ್ನು ನಗರವೇ ಹಾಕಿತು. ಕಟ್ಟಡ ನಗರದ್ದು, ಆಡುವ ತಂಡ ಖಾಸಗಿಯವರದು. ನಗರವೇ ಮಾಲೀಕನಾದರೆ ಜನರ ಹಿತ ಕಾಯ್ದಂತೆ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಮುಂದಿನ ಇಪ್ಪತ್ತು ವರ್ಷಗಳಲ್ಲಿ ನಡೆದದ್ದನ್ನು ನೋಡಿದರೆ, ಖಾತೆ ಯಾರ ಹೆಸರಿನಲ್ಲಿದೆ ಎನ್ನುವುದಕ್ಕಿಂತ, ಎದ್ದು ಹೋಗುವ ಸ್ವಾತಂತ್ರ್ಯ ಯಾರಿಗಿದೆ ಎನ್ನುವುದೇ ಇಂಥ ಕಟ್ಟಡಗಳ ಹಣೆಬರಹ ಬರೆಯುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ತಂಡ ಊರು ಬಿಡಬಹುದು, ಕಟ್ಟಡ ಬಿಡಲಾರದು.

ಇಂಥ ಅರೇನಾ ಬಹೂಪಯೋಗಿ ಆಗುವುದು ಹೇಗೆ ಎಂಬುದನ್ನು ಮೊದಲು ನೋಡಬೇಕು, ಏಕೆಂದರೆ ಲೆಕ್ಕಾಚಾರವೆಲ್ಲ ಅದರ ಮೇಲೇ ನಿಂತಿದೆ. ನ್ಯಾಷನಲ್ ಹಾಕಿ ಲೀಗ್‌ನ ಅಂಕಣ 200 ಅಡಿ ಉದ್ದ, 85 ಅಡಿ ಅಗಲ. ಅದರ ಅಡಿಯ ಕಾಂಕ್ರೀಟ್ ಹಾಸಿನೊಳಗೆ ಮೈಲುಗಟ್ಟಲೆ ಕೊಳವೆಗಳಿರುತ್ತವೆ. ಅವುಗಳಲ್ಲಿ ಉಪ್ಪುನೀರೋ ಗ್ಲೈಕಾಲ್ ದ್ರಾವಣವೋ ಸೊನ್ನೆಗಿಂತ ಕೆಳಗಿನ ಉಷ್ಣಾಂಶದಲ್ಲಿ ಸದಾ ಹರಿಯುತ್ತಿರುತ್ತದೆ. ಮೇಲೆ ನೀರನ್ನು ತೆಳುವಾಗಿ ಪದರ ಪದರವಾಗಿ ಸಿಂಪಡಿಸಿ ಹೆಪ್ಪುಗಟ್ಟಿಸುತ್ತಾರೆ. ನಡುವೆ ಬಿಳಿ ಬಣ್ಣ, ಗೆರೆಗಳು, ಮತ್ತೆ ನೀರು. ಇಷ್ಟೆಲ್ಲ ಮಾಡಿದ ಮೇಲೆ ಮಂಜಿನ ದಪ್ಪ ಒಂದು, ಒಂದೂಕಾಲು ಅಂಗುಲ ಅಷ್ಟೇ. ಕಾನ್ಸರ್ಟ್ ಬಂತೆಂದು ಅದನ್ನು ಕರಗಿಸುವುದಿಲ್ಲ. ಶಾಖ ತಡೆಯುವ ಹಲಗೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಮಂಜನ್ನು ಮುಚ್ಚಿ, ಅದರ ಮೇಲೇ ವೇದಿಕೆ ಕಟ್ಟಿ ಕುರ್ಚಿ ಹಾಕುತ್ತಾರೆ. ಗಿಟಾರಿನ ಅಬ್ಬರಕ್ಕೆ ಕುಣಿಯುವ ಸಾವಿರಾರು ಮಂದಿಯ ಕಾಲಡಿಯಲ್ಲಿ ಮಂಜು ತಣ್ಣಗೆ ಕೂತಿರುತ್ತದೆ. ಬೆಳಗಾಗುವುದರೊಳಗೆ ಹಲಗೆ ತೆಗೆದರೆ ಮತ್ತೆ ಹಾಕಿಗೆ ಸಿದ್ಧ. ಬ್ಯಾಸ್ಕೆಟ್‌ಬಾಲ್ ಅಂಕಣ 94 ಅಡಿಗೆ 50 ಅಡಿ ಮಾತ್ರ. ಹಾಕಿಗೆ ಕಟ್ಟಿದ ಕಡೆ ಅದನ್ನು ಸಲೀಸಾಗಿ ಹಾಸಬಹುದು, ಬ್ಯಾಸ್ಕೆಟ್‌ಬಾಲಿಗೆ ಕಟ್ಟಿದ ಕಡೆ ಹಾಕಿ ಆಡಿಸಿದರೆ ಎಡವಟ್ಟು. ಗ್ಲೆಂಡೇಲಿಗೆ ಬಂದ ಕಯೋಟೀಸ್ ತಂಡ ಅದಕ್ಕೂ ಮೊದಲು ಫೀನಿಕ್ಸ್ ನಗರ ಮಧ್ಯದ ಬ್ಯಾಸ್ಕೆಟ್‌ಬಾಲ್ ಅರೇನಾದಲ್ಲಿ ಆಡುತ್ತಿದ್ದಾಗ, ಒಂದು ತುದಿಯ ಮೇಲಿನ ಸಾಲುಗಳಲ್ಲಿ ಕೂತವರಿಗೆ ಗೋಲೇ ಕಾಣುತ್ತಿರಲಿಲ್ಲ.

ಈಗ ದಿನಗಳ ಲೆಕ್ಕ. ಲೀಗ್ ಹಂತದಲ್ಲಿ ಒಂದು ತಂಡ ತವರಿನಲ್ಲಿ ಆಡುತ್ತಿದ್ದುದು ವರ್ಷಕ್ಕೆ 41 ಪಂದ್ಯ. ಉಳಿದ 324 ದಿನ ಕಟ್ಟಡ ಬೇರೇನಾದರೂ ದುಡಿಯಬೇಕು. ಆದರೆ ನಗರಗಳು ಸಾಲ ಎತ್ತುವಾಗ ಜನರ ಮುಂದಿಡುವುದು ಆ 41 ದಿನಗಳ ಸಂಭ್ರಮವನ್ನು. ಕ್ರೀಡಾ ತಂಡವೊಂದು ಬಂತು, ಊರಿಗೆ ಹೆಸರು ಬಂತು, ಹೋಟೆಲು ಅಂಗಡಿಗಳು ಬಂದವು, ಅವುಗಳ ಮಾರಾಟ ತೆರಿಗೆಯಿಂದ ಸಾಲ ತೀರಿತು ಎಂಬ ಸರಪಳಿ ಕಥೆ. ಗ್ಲೆಂಡೇಲ್ ನಂಬಿದ್ದೂ ಇದನ್ನೇ. ಅರೇನಾದ ಪಕ್ಕದಲ್ಲಿ ವೆಸ್ಟ್‌ಗೇಟ್ ಎಂಬ ವ್ಯಾಪಾರ ಬಡಾವಣೆ ಎದ್ದಿತು. 2008ರ ಆರ್ಥಿಕ ಕುಸಿತಕ್ಕೆ ಅದು ಸೊರಗಿತು. 2009ರ ಮೇ ತಿಂಗಳಲ್ಲಿ ತಂಡದ ಮಾಲೀಕ ಜೆರ್ರಿ ಮೋಯೆಸ್ ದಿವಾಳಿ ಅರ್ಜಿ ಹಾಕಿದರು. ಬ್ಲ್ಯಾಕ್‌ಬೆರಿ ಫೋನ್ ಕಂಪನಿಯ ಜಿಮ್ ಬಾಲ್ಸಿಲಿ ತಂಡವನ್ನು ಕೊಂಡು ಕೆನಡಾದ ಹ್ಯಾಮಿಲ್ಟನ್‌ಗೆ ಒಯ್ಯುತ್ತೇನೆಂದು ಮುಂದೆ ಬಂದರು. ನ್ಯಾಯಾಲಯ ಒಪ್ಪಲಿಲ್ಲ; ಕೊನೆಗೆ ಲೀಗ್ ತಾನೇ 14 ಕೋಟಿ ಡಾಲರಿಗೆ ತಂಡವನ್ನು ಕೊಂಡುಕೊಂಡಿತು. ಊರಿನ ಕೈಯಲ್ಲಿ ದೀರ್ಘಾವಧಿಯ ಕರಾರು ಪತ್ರವಿತ್ತು. ಆದರೆ ದಿವಾಳಿ ಕಟಕಟೆ ಹತ್ತಿದವನ ಎದುರು ಅಂಥ ಕಾಗದಕ್ಕೆ ಎಷ್ಟು ಬೆಲೆ ಎಂಬುದು ಆ ವರ್ಷ ಊರಿಗೆ ಅರ್ಥವಾಯಿತು.

ನಂತರದ್ದು ವಿಚಿತ್ರ. ತಂಡ ಹೋದರೆ ಅರೇನಾ ಕತ್ತಲಲ್ಲಿ ನಿಲ್ಲುತ್ತದೆ ಎಂಬ ಭಯಕ್ಕೆ ನಗರಾಡಳಿತ, ಅರೇನಾ ನಡೆಸುವ ಖರ್ಚಿನ ಹೆಸರಿನಲ್ಲಿ ಲೀಗ್‌ಗೆ ಸತತ ಎರಡು ಋತುಗಳಿಗೆ ತಲಾ 2.5 ಕೋಟಿ ಡಾಲರ್ ಕೊಡಲು ಒಪ್ಪಿತು. ಮನೆ ಮಾಲೀಕನೇ ಬಾಡಿಗೆದಾರನಿಗೆ ತಿಂಗಳಾ ತಿಂಗಳಾ ಹಣ ಕೊಟ್ಟು ‘ದಯವಿಟ್ಟು ಖಾಲಿ ಮಾಡಬೇಡಿ’ ಎಂದು ಕೈಮುಗಿದ ಹಾಗೆ. 2012ರಲ್ಲಿ ಇದೇ ಊರು ಮಾರಾಟ ತೆರಿಗೆಯನ್ನು ಏರಿಸಿತು. 2013ರ ಜುಲೈಯಲ್ಲಿ ಹೊಸ ಮಾಲೀಕರು ಬಂದಾಗ ನಗರ ಕೌನ್ಸಿಲ್ 4–3 ಮತಗಳಿಂದ ಇನ್ನೊಂದು ಒಪ್ಪಂದಕ್ಕೆ ಅಂಕಿತ ಹಾಕಿತು: ವರ್ಷಕ್ಕೆ 1.5 ಕೋಟಿ ಡಾಲರ್ ನಿರ್ವಹಣಾ ಶುಲ್ಕ, ಹದಿನೈದು ವರ್ಷ. ಅದರಲ್ಲಿ ಒಂದು ಕಲಮು ಓದಿದರೆ ಯಾರು ಯಾರನ್ನು ಕುಣಿಸುತ್ತಿದ್ದರು ಎಂಬುದು ತಿಳಿಯುತ್ತದೆ. ಐದು ವರ್ಷದ ನಂತರ ತಂಡದ ನಷ್ಟ 5 ಕೋಟಿ ಡಾಲರ್ ಮುಟ್ಟಿದ್ದರೆ ಮಾಲೀಕರು ಊರು ಬಿಡಬಹುದು. ಊರಿಗೆ ನಷ್ಟವಾದರೆ ಊರು ಎಲ್ಲಿಗೆ ಹೋಗಬೇಕು? ತಂಡದಿಂದ ವಾಪಸು ಬರುತ್ತದೆಂದು ಎಣಿಸಿದ್ದ ಪಾರ್ಕಿಂಗ್, ಟಿಕೆಟ್ ಮೇಲ್ತೆರಿಗೆಗಳ ಆದಾಯ ಆ ಶುಲ್ಕವನ್ನು ಸರಿದೂಗಿಸಲಿಲ್ಲ. 2015ರಲ್ಲಿ ಕೌನ್ಸಿಲ್ ಒಪ್ಪಂದವನ್ನೇ ರದ್ದು ಮಾಡಿತು. ನಗರದ ವಕೀಲರಾಗಿದ್ದವರು ತಂಡದ ಉದ್ಯೋಗಕ್ಕೆ ಸೇರಿದ್ದರಿಂದ ಹಿತಾಸಕ್ತಿ ಸಂಘರ್ಷವಾಗಿದೆ ಎಂಬುದು ಕೊಟ್ಟ ಕಾರಣ. ಗಲಾಟೆ ಕೋರ್ಟಿಗೆ ಹೋಗಿ, ರಾಜಿಯಾಗಿ, ಶುಲ್ಕ ವರ್ಷಕ್ಕೆ 65 ಲಕ್ಷ ಡಾಲರಿಗೆ ಇಳಿಯಿತು. ಅವಧಿ ಎರಡೇ ವರ್ಷ. ಮರು ವರ್ಷ ಅರೇನಾದ ಆಡಳಿತ ತಂಡದ ಕೈತಪ್ಪಿ, ಕಾನ್ಸರ್ಟ್‌ಗಳನ್ನು ಏರ್ಪಡಿಸುವುದನ್ನೇ ಕಸುಬಾಗಿಸಿಕೊಂಡ ಎಇಜಿ ಕಂಪನಿಗೆ ಹೋಯಿತು.

ನನ್ನ ದೃಷ್ಟಿಯಲ್ಲಿ ಊರು ನಿಜವಾಗಿ ಮಾಲೀಕನಾದದ್ದು ಇಲ್ಲಿಂದ ಮುಂದೆ. 2021ರ ಆಗಸ್ಟ್‌ನಲ್ಲಿ ಗ್ಲೆಂಡೇಲ್, ಮುಂದಿನ ಋತು ಮುಗಿದ ಮೇಲೆ ಹಾಕಿ ತಂಡದ ಕರಾರನ್ನು ನವೀಕರಿಸುವುದಿಲ್ಲ, ಇನ್ನು ದೊಡ್ಡ ಕಾರ್ಯಕ್ರಮಗಳ ಕಡೆ ಗಮನ ಎಂದು ಸಾರಿತು. ಅದೇ ಡಿಸೆಂಬರ್‌ನಲ್ಲಿ ತೆರಿಗೆ ಬಾಕಿ ತೀರಿಸದಿದ್ದರೆ ಬಾಗಿಲು ತೆಗೆಯುವುದಿಲ್ಲ ಎಂದೂ ಎಚ್ಚರಿಸಿತು, ಬಾಕಿ ಸಂದಾಯವಾಯಿತು. ಹನ್ನೆರಡು ವರ್ಷ ಬೆದರಿಸಿದವರೇ ಈಗ ನೆಲೆ ಹುಡುಕಬೇಕಾಯಿತು. ಸಿಕ್ಕಿದ್ದು ಫೀನಿಕ್ಸ್ ಬಳಿಯ ಟೆಂಪೆಯಲ್ಲಿ ಐದು ಸಾವಿರವೂ ಹಿಡಿಸದ ವಿಶ್ವವಿದ್ಯಾಲಯದ ಅರೇನಾ.

ತಂಡವಿದ್ದರೆ ಊರಿನ ಆರ್ಥಿಕತೆಗೆ ಲಾಭವಲ್ಲವೇ ಎಂಬುದು ಸಹಜ ಆಕ್ಷೇಪ. 1997ರಲ್ಲಿ ರೋಜರ್ ನೋಲ್ ಮತ್ತು ಆಂಡ್ರೂ ಝಿಂಬಲಿಸ್ಟ್ ಸಂಪಾದಿಸಿದ ಅಧ್ಯಯನ ಗ್ರಂಥದಿಂದ ಹಿಡಿದು ಇತ್ತೀಚಿನ ಸಮೀಕ್ಷೆಗಳವರೆಗೆ ಅರ್ಥಶಾಸ್ತ್ರಜ್ಞರ ಉತ್ತರ ಬಹುತೇಕ ಒಂದೇ: ಊರು ಹಾಕಿದ ಹಣಕ್ಕೆ ತಕ್ಕಷ್ಟು ಲಾಭ ಕಾಣುವುದಿಲ್ಲ. ಒಂದು ಕುಟುಂಬ ಮನರಂಜನೆಗೆಂದು ಎತ್ತಿಟ್ಟ ಹಣ ಹೆಚ್ಚೇನೂ ಬೆಳೆಯುವುದಿಲ್ಲ. ಶನಿವಾರ ಸಂಜೆ ಪಂದ್ಯಕ್ಕೆ ಕೊಟ್ಟದ್ದನ್ನು ಅವರು ಸಿನಿಮಾಕ್ಕೋ ಊಟಕ್ಕೋ ಕೊಡುತ್ತಿದ್ದರು. ಆ ಗಲ್ಲಾದಿಂದ ತೆಗೆದು ಈ ಗಲ್ಲಾಕ್ಕೆ ಹಾಕಿದಂತೆ. ಊರಿನ ಅಭಿಮಾನಕ್ಕೆ ಬೆಲೆಯಿಲ್ಲವೇ ಎಂದು ಕೇಳುವವರಿದ್ದಾರೆ. ಇದೆ, ನಾನೂ ಅಲ್ಲಗಳೆಯುವುದಿಲ್ಲ. ತಮ್ಮ ತಂಡ ಗೆದ್ದ ರಾತ್ರಿ ಊರಿಗೆ ಊರೇ ಬೀದಿಗಿಳಿಯುವುದಕ್ಕೆ ಲೆಕ್ಕಪತ್ರದಲ್ಲಿ ಕಾಲಂ ಇಲ್ಲ. ಆದರೆ ಆ ಬೆಲೆ ಎಷ್ಟು ಎಂದು ಹೇಳಬೇಕಾದವರು ತೆರಿಗೆ ಕಟ್ಟುವವರು. ಟೆಂಪೆ ನಗರ ತನ್ನ ಜನರನ್ನೇ ಕೇಳಿತು. ಕಯೋಟೀಸ್ ತಂಡದ ಹೊಸ ಅರೇನಾಕ್ಕೆ ಸಂಬಂಧಿಸಿದ ಮೂರೂ ಪ್ರಸ್ತಾವಗಳನ್ನು 2023ರ ಮೇ 16ರಂದು ಮತದಾರರು ತಿರಸ್ಕರಿಸಿದರು.

ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ. ತಂಡದ ಆಸೆಯಿಲ್ಲದಿದ್ದರೆ ಅರೇನಾವೇ ಎದ್ದಿರುತ್ತಿರಲಿಲ್ಲ, ಅದಿಲ್ಲದಿದ್ದರೆ ಕಾನ್ಸರ್ಟ್‌ಗಳೂ ಇಲ್ಲ. ಹೇಗೋ ಕಟ್ಟಡವೊಂದಾದರೂ ಉಳಿಯಿತಲ್ಲ ಎಂಬುದು. ಕೆನಡಾದ ಕ್ವಿಬೆಕ್ ಸಿಟಿ ಈ ವಾದಕ್ಕೆ ಒಳ್ಳೆಯ ಪರೀಕ್ಷೆ. 1995ರಲ್ಲಿ ಅದರ ನಾರ್ಡಿಕ್ಸ್ ತಂಡ ಅಮೆರಿಕದ ಡೆನ್ವರ್‌ಗೆ ಹೋಯಿತು, ಹೋದ ಮೊದಲ ಋತುವಿನಲ್ಲೇ ಲೀಗ್‌ನ ಚಾಂಪಿಯನ್ ಪಟ್ಟವಾದ ಸ್ಟ್ಯಾನ್ಲಿ ಕಪ್ ಗೆದ್ದು ಗಾಯಕ್ಕೆ ಉಪ್ಪು ಸವರಿತು. ಇಪ್ಪತ್ತು ವರ್ಷದ ಬಳಿಕ ನಗರವೂ ಪ್ರಾಂತ್ಯ ಸರ್ಕಾರವೂ ಸೇರಿ ಸುಮಾರು 37 ಕೋಟಿ ಕೆನಡಾ ಡಾಲರ್ ಸುರಿದು ವಿಡಿಯೋಟ್ರಾನ್ ಸೆಂಟರ್ ಕಟ್ಟಿಸಿದವು. 2015ರ ಸೆಪ್ಟೆಂಬರ್‌ನಲ್ಲಿ ಅದು ತೆರೆಯಿತು, ಮೆಟಾಲಿಕಾ ಬಂದು ಹಾಡಿತು. ಲೀಗ್ ಮಾತ್ರ ಮರುವರ್ಷ ಹೊಸ ತಂಡವನ್ನು ಕೊಟ್ಟದ್ದು ಲಾಸ್ ವೇಗಸ್‌ಗೆ. ಕ್ವಿಬೆಕ್‌ನಲ್ಲಿ ಈಗಲೂ ಕಿರಿಯರ ತಂಡ ಆಡುತ್ತದೆ, ಕಾನ್ಸರ್ಟ್‌ಗಳು ನಡೆಯುತ್ತವೆ. ಕಟ್ಟಡ ಬದುಕಿದೆ, ಸರಿ. ಆದರೆ ಕಾನ್ಸರ್ಟ್‌ಗಳಿಂದಲೇ ಬದುಕಬೇಕಾದ ಕಟ್ಟಡವನ್ನು ಕಾನ್ಸರ್ಟ್‌ಗಳ ಆದಾಯವನ್ನೇ ಎಣಿಸಿ ಕಟ್ಟಬೇಕಿತ್ತು. ಬಾರದ ತಂಡದ ಅಳತೆಗಲ್ಲ.

ಅಮೆರಿಕದ ಸಿಯಾಟಲ್ ಹಿಡಿದದ್ದು ಬೇರೆಯದೇ, ಕಷ್ಟದ ದಾರಿ. ತಂಡಗಳಿಗೆ ಸಾರ್ವಜನಿಕ ಹಣ ಹಾಕಿದರೆ ನಗರಕ್ಕೆ ನ್ಯಾಯವಾದ ಪ್ರತಿಫಲ ಬರಲೇಬೇಕೆಂದು ಅಲ್ಲಿನ ಮತದಾರರು 2006ರಲ್ಲಿ ನಿಯಮ ಮಾಡಿದರು. ಫಲವಾಗಿ ಎರಡೇ ವರ್ಷಕ್ಕೆ ಬ್ಯಾಸ್ಕೆಟ್‌ಬಾಲ್ ತಂಡ ಒಕ್ಲಹೋಮಾ ಸಿಟಿಗೆ ಹೋಯಿತು. ಕರಾರು ಮುರಿದದ್ದಕ್ಕೆ 4.5 ಕೋಟಿ ಡಾಲರ್ ಕಟ್ಟಿ ಹೋಯಿತು. ಊರು ನೊಂದುಕೊಂಡಿತು, ಮಣಿಯಲಿಲ್ಲ. 1962ರ ವಿಶ್ವ ಮೇಳಕ್ಕೆ ಕಟ್ಟಿದ್ದ ನಗರದ ಅರೇನಾವನ್ನು ಖಾಸಗಿ ಕಂಪನಿಯೊಂದು 115 ಕೋಟಿ ಡಾಲರ್ ವೆಚ್ಚದಲ್ಲಿ ಹೊಸದಾಗಿಸಿತು. ಸುಮಾರು ಇಪ್ಪತ್ತು ಸಾವಿರ ಟನ್ ತೂಕದ ಹಳೆಯ ಚಾವಣಿಯನ್ನು ಹಾಗೇ ಎತ್ತಿಹಿಡಿದು ಅಡಿಯ ನೆಲ ಅಗೆದರು. 2021ರ ಅಕ್ಟೋಬರ್‌ನಲ್ಲಿ ಅದು ಹಾಕಿ ತಂಡದೊಂದಿಗೆ ತೆರೆಯಿತು. ಕಟ್ಟಡ ಇವತ್ತಿಗೂ ನಗರದ್ದೇ. ನಷ್ಟದ ಹೊರೆ ಕಂಪನಿಯದು. ಸಿಯಾಟಲ್ ಅಮೆಜಾನ್‌ನ ಊರು, ದುಡ್ಡಿನ ಊರು, ಸಣ್ಣ ಊರುಗಳಿಗೆ ಇದು ಸಾಧ್ಯವೇ ಎನ್ನುತ್ತಾರೆ. ಬಹುಶಃ ಇಲ್ಲ. ಆದರೆ ಲಾಭ ಲೆಕ್ಕ ಹಾಕುವುದನ್ನೇ ಕಸುಬು ಮಾಡಿಕೊಂಡವರು ಸ್ವಂತ ಹಣ ಹಾಕಲು ಹಿಂಜರಿಯುವ ಕಡೆ, ಕಸ ಎತ್ತುವ, ರಸ್ತೆ ರಿಪೇರಿ ಮಾಡುವ ಸಂಸ್ಥೆ ಸಾಲ ಎತ್ತಿ ನುಗ್ಗುವುದು ಇನ್ನೂ ಅಪಾಯ.

ಹಾಗೆಂದು ನಗರ ಮಾಲೀಕತ್ವವೇ ತಪ್ಪು ಎಂಬ ತೀರ್ಮಾನಕ್ಕೆ ನಾನು ಬರುವುದಿಲ್ಲ. ಕಟ್ಟಡ ತನ್ನದಾಗಿದ್ದರಿಂದಲೇ ಗ್ಲೆಂಡೇಲ್ ತಂಡಕ್ಕೆ ಬಾಗಿಲು ತೋರಿಸಲು ಆಯಿತು. ಆದರೆ ಆ ಧೈರ್ಯಕ್ಕೆ ಅದು ತೆತ್ತ ಬೆಲೆ ದೊಡ್ಡದು. ಕಯೋಟೀಸ್ ತಂಡದ ಆಟಗಾರರೂ ಸಿಬ್ಬಂದಿಯೂ 2024ರ ಏಪ್ರಿಲ್‌ನಲ್ಲಿ ಸಾಲ್ಟ್ ಲೇಕ್ ಸಿಟಿಯ ಪಾಲಾದರು. ಅಲ್ಲಿನ ಉದ್ಯಮಿ ರಯಾನ್ ಸ್ಮಿತ್ ಅದಕ್ಕಾಗಿ ಕೊಟ್ಟದ್ದು 120 ಕೋಟಿ ಡಾಲರ್. ಯಾರೂ ಕೇಳುವವರಿಲ್ಲದ ದಿನಗಳಲ್ಲಿ ಆ ತಂಡವನ್ನು ತನ್ನ ಹಣದಿಂದ ಉಳಿಸಿದ್ದ ಗ್ಲೆಂಡೇಲ್‌ಗೆ ಅದರಲ್ಲಿ ಒಂದು ಸೆಂಟ್ ಪಾಲೂ ಇರಲಿಲ್ಲ.