ಅಜಾಗರೂಕ ವಾಹನ ಚಾಲನೆ

ಅಜಾಗರೂಕ ವಾಹನ ಚಾಲನೆ ಎಂದರೆ ರಸ್ತೆಯನ್ನು ಬಳಸುವ ಇತರರ ಪ್ರಾಣ, ದೇಹ ಮತ್ತು ಸ್ವತ್ತಿಗೆ ಅಪಾಯ ಒದಗಬಹುದೆಂದು ತಿಳಿದಿದ್ದೂ, ಅಥವಾ ತಿಳಿದಿರಬೇಕಾಗಿದ್ದೂ, ತಕ್ಕ ಎಚ್ಚರಿಕೆ ವಹಿಸದೆ ವಾಹನವನ್ನು ನಡೆಸುವುದು. ಅತಿವೇಗ, ಮದ್ಯಪಾನ ಮಾಡಿ ಚಾಲನೆ, ಚಾಲನೆಯ ನಡುವೆ ಮೊಬೈಲ್ ಬಳಕೆ, ವಿರುದ್ಧ ದಿಕ್ಕಿನ ಸಂಚಾರ, ತಿರುವುಗಳಲ್ಲಿ ಮುಂದಿನ ವಾಹನವನ್ನು ಹಿಂದಿಕ್ಕುವುದು, ಅಪ್ರಾಪ್ತರ ಕೈಗೆ ವಾಹನ ಕೊಡುವುದು ಇವು ಇದರ ಮುಖ್ಯ ರೂಪಗಳು. ರಸ್ತೆಯಲ್ಲಿ ನಡೆಯುವ ಸಾವುನೋವನ್ನು ವಿಧಿಯಾಟವೆಂದು ಭಾವಿಸುವ ರೂಢಿ ಸಮಾಜದಲ್ಲಿದೆ. ಆದರೆ ಇಂತಹ ಘಟನೆಗಳಲ್ಲಿ ಬಹುಪಾಲು ಆಕಸ್ಮಿಕಗಳಲ್ಲ. ದಿನನಿತ್ಯ ರೂಢಿಸಿಕೊಂಡ ದುರಭ್ಯಾಸಗಳ ಫಲ. ಆದುದರಿಂದಲೇ ಅವು ತಡೆಯಬಹುದಾದವು.

ಸಮಸ್ಯೆಯ ವ್ಯಾಪ್ತಿ

ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನರು ರಸ್ತೆ ಅಪಘಾತಗಳಲ್ಲಿ ಸಾಯುತ್ತಾರೆ. 5ರಿಂದ 29 ವರ್ಷ ವಯಸ್ಸಿನವರ ಸಾವಿಗೆ ಇದೇ ಮೊದಲ ಕಾರಣ.

ಭಾರತ ಸರ್ಕಾರದ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ 4,61,312 ಅಪಘಾತಗಳು ನಡೆದು 1,68,491 ಜನರು ಮೃತಪಟ್ಟರು. ಸರಾಸರಿ ನೋಡಿದರೆ ಗಂಟೆಗೆ 19 ಸಾವುಗಳು. ಮೃತರಲ್ಲಿ ಸುಮಾರು ಮೂರನೆಯ ಎರಡು ಭಾಗ 18ರಿಂದ 45 ವರ್ಷದವರು, ಎಂದರೆ ಕುಟುಂಬದ ದುಡಿಯುವ ಕೈಗಳು. ಅದೇ ವರ್ಷ 32,825 ಪಾದಚಾರಿಗಳು ಸತ್ತರು. ಹೆಲ್ಮೆಟ್ ಧರಿಸದೆ ಸತ್ತವರು 50,029 ಮಂದಿ. ಸೀಟ್ ಬೆಲ್ಟ್ ಧರಿಸದೆ ಸತ್ತವರು 16,715 ಮಂದಿ. ಕರ್ನಾಟಕದಲ್ಲಿ ಆ ವರ್ಷದ ಸಾವಿನ ಸಂಖ್ಯೆ 11 ಸಾವಿರವನ್ನು ಮೀರಿತ್ತು.

ಮುಖ್ಯ ದುರಭ್ಯಾಸಗಳು

ಅತಿವೇಗ: 2022ರ ವರದಿಯಲ್ಲಿ ಒಟ್ಟು ಸಾವುಗಳ ಪೈಕಿ ಸುಮಾರು ಶೇ. 71ಕ್ಕೆ ಅತಿವೇಗವೇ ಕಾರಣವೆಂದು ದಾಖಲಾಗಿದೆ. ನಿಗದಿತ ಮಿತಿಯನ್ನು ಮೀರುವುದು ಮಾತ್ರ ಅತಿವೇಗವಲ್ಲ. ಮಳೆ, ಮಂಜು, ಕತ್ತಲೆ, ಜನಸಂದಣಿ ಇರುವೆಡೆ ಮಿತಿಯೊಳಗಿನ ವೇಗವೂ ಅತಿಯಾಗಬಹುದು.

ಅನುಚಿತವಾಗಿ ಹಿಂದಿಕ್ಕುವುದು: ಎದುರು ರಸ್ತೆ ಕಾಣದ ತಿರುವು, ಏರಿನ ತುದಿ, ಕಿರಿದಾದ ಸೇತುವೆಗಳಲ್ಲಿ ಮುಂದಿನ ವಾಹನವನ್ನು ದಾಟಲು ಯತ್ನಿಸುವುದು ಮುಖಾಮುಖಿ ಡಿಕ್ಕಿಗೆ ನೇರ ಕಾರಣ. ಆಗುಂಬೆ, ಚಾರ್ಮಾಡಿ, ಶಿರಾಡಿಯಂತಹ ಘಟ್ಟದ ರಸ್ತೆಗಳಲ್ಲಿ ಇದರ ಅಪಾಯ ಇಮ್ಮಡಿ.

ವಿರುದ್ಧ ದಿಕ್ಕಿನ ಸಂಚಾರ: ಮುಂದಿನ ತಿರುವಿನವರೆಗೆ ಹೋಗಿ ಬರುವ ಬೇಸರಕ್ಕೆ ವಿಭಜಿತ ರಸ್ತೆಯಲ್ಲಿ ಎದುರುಮುಖವಾಗಿ ಬರುವವರು ಬಹಳ. ಎದುರಿನಿಂದ ಸರಿಯಾದ ಪಥದಲ್ಲಿ ಬರುವ ಚಾಲಕನು ಇದನ್ನು ನಿರೀಕ್ಷಿಸಿರುವುದಿಲ್ಲ.

ಗಮನಭಂಗ: ಚಾಲನೆ ಮಾಡುತ್ತ ಮೊಬೈಲ್ ಬಳಸುವವರು ಅಪಘಾತಕ್ಕೀಡಾಗುವ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಫೋನನ್ನು ಕೈಯಲ್ಲಿ ಹಿಡಿಯದೆ ಮಾತನಾಡಿದರೂ ಮನಸ್ಸು ಮಾತಿನಲ್ಲೇ ಇರುವುದರಿಂದ ಅಪಾಯ ತಪ್ಪುವುದಿಲ್ಲ. ಹೆಲ್ಮೆಟ್ಟಿನೊಳಗೆ ಫೋನನ್ನು ಸಿಕ್ಕಿಸಿಕೊಂಡು ಮಾತನಾಡುವುದು ನಗರಗಳಲ್ಲಿ ಕಾಣುವ ದೃಶ್ಯ.

ಮದ್ಯಪಾನ ಮತ್ತು ನಿದ್ರಾಭಾವ: ಮದ್ಯವು ಪ್ರತಿಕ್ರಿಯೆಯನ್ನು ನಿಧಾನಗೊಳಿಸುತ್ತದೆ, ಜೊತೆಗೆ ತಾನು ಸರಿಯಾಗಿಯೇ ಇದ್ದೇನೆಂಬ ಭ್ರಮೆಯನ್ನೂ ಹುಟ್ಟಿಸುತ್ತದೆ. ನಿದ್ದೆಗೆಟ್ಟ ಚಾಲಕನ ಸ್ಥಿತಿ ಇದಕ್ಕಿಂತ ಬಹಳ ಭಿನ್ನವಲ್ಲ. ರಾತ್ರಿಯಿಡೀ ಪಯಣಿಸಿ ನಸುಕಿನಲ್ಲಿ ಅಪಘಾತಕ್ಕೀಡಾಗುವ ಪ್ರವಾಸಿ ವಾಹನಗಳ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ.

ಬೆಳಕಿನ ದುರ್ಬಳಕೆ: ಎದುರಿನಿಂದ ವಾಹನ ಬರುತ್ತಿದ್ದರೂ ಮುಂದೀಪದ ಪ್ರಖರತೆಯನ್ನು ತಗ್ಗಿಸದಿದ್ದರೆ ಎದುರಿನ ಚಾಲಕನಿಗೆ ಕೆಲವು ಕ್ಷಣ ಕಣ್ಣು ಕತ್ತಲಿಡುತ್ತದೆ. ಇದಕ್ಕೆ ವಿರುದ್ಧವಾದ ತಪ್ಪು ಬೆಳಕೇ ಇಲ್ಲದಿರುವುದು. ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆಗಳಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರೇಲರ್‌ಗಳು ಹಿಂದೀಪವಾಗಲಿ ಪ್ರತಿಫಲಕವಾಗಲಿ ಇಲ್ಲದೆ ರಾತ್ರಿ ಸಂಚರಿಸುವುದುಂಟು. ಕೆಟ್ಟು ನಿಂತ ಲಾರಿಯ ಸುತ್ತ ಎಚ್ಚರಿಕೆಗಾಗಿ ಕಲ್ಲು, ಮರದ ಕೊಂಬೆಗಳನ್ನಿಟ್ಟು, ದುರಸ್ತಿಯಾದ ಮೇಲೆ ಅವನ್ನು ರಸ್ತೆಯಲ್ಲೇ ಬಿಟ್ಟು ಹೋಗುವುದೂ ಇದೇ ವರ್ಗದ ಬೇಜವಾಬ್ದಾರಿ.

ಮಿತಿಮೀರಿದ ಭಾರ: ದ್ವಿಚಕ್ರ ವಾಹನದಲ್ಲಿ ಮೂವರು, ಶಾಲಾ ಆಟೊದಲ್ಲಿ ಮಿತಿಗಿಂತ ಹೆಚ್ಚು ಮಕ್ಕಳು, ಸರಕು ಸಾಗಣೆ ವಾಹನದಲ್ಲಿ ಮದುವೆ ದಿಬ್ಬಣ ಅಥವಾ ಕೂಲಿಕಾರರು ಪಯಣಿಸುವುದು ಸಾಮಾನ್ಯ. ಸರಕು ವಾಹನದ ಹಿಂಭಾಗದಲ್ಲಿ ಹಿಡಿದುಕೊಳ್ಳಲು ಆಸರೆ ಇರುವುದಿಲ್ಲವಾದ್ದರಿಂದ ಅದು ಮಗುಚಿದಾಗ ಒಂದೇ ಊರಿನ ಹಲವರು ಬಲಿಯಾಗುತ್ತಾರೆ.

ವೇಗದ ಲೆಕ್ಕ

ವೇಗದ ಅಪಾಯವು ಮೇಲುನೋಟಕ್ಕೆ ತೋರುವುದಕ್ಕಿಂತ ಹೆಚ್ಚು. ಅಡ್ಡಿಯನ್ನು ಕಂಡ ಕ್ಷಣದಿಂದ ಬ್ರೇಕ್ ಒತ್ತುವವರೆಗೆ ಸಾಮಾನ್ಯ ಚಾಲಕನಿಗೆ ಸುಮಾರು ಒಂದೂವರೆ ಸೆಕೆಂಡ್ ಹಿಡಿಯುತ್ತದೆ. ಆ ಅವಧಿಯಲ್ಲಿ ವಾಹನ ಅದೇ ವೇಗದಲ್ಲಿ ಓಡುತ್ತಲೇ ಇರುತ್ತದೆ. ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾಗುವ ದೂರವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಎಂದರೆ ವೇಗ ಎರಡು ಪಟ್ಟಾದರೆ ಈ ದೂರ ನಾಲ್ಕು ಪಟ್ಟಾಗುತ್ತದೆ.

ಒಣ ರಸ್ತೆಯಲ್ಲಿ ಉತ್ತಮ ಬ್ರೇಕ್ ಇರುವ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದರೆ ನಿಲ್ಲಲು ಒಟ್ಟು ಸುಮಾರು 45 ಮೀಟರ್ ಬೇಕು, 80 ಕಿ.ಮೀ. ವೇಗದಲ್ಲಿದ್ದರೆ ಸುಮಾರು 69 ಮೀಟರ್ ಬೇಕು. 45 ಮೀಟರ್ ದೂರದಲ್ಲಿ ಮಗುವೊಂದು ರಸ್ತೆಗೆ ಅಡ್ಡ ಬಂದರೆ ಮೊದಲನೆಯ ಕಾರು ಮಗುವಿನ ಮುಂದೆ ನಿಲ್ಲುತ್ತದೆ. ಎರಡನೆಯ ಕಾರು ಅದೇ ಸ್ಥಳವನ್ನು ತಲುಪಿದಾಗ ಅದರ ವೇಗ ಇನ್ನೂ ಗಂಟೆಗೆ ಸುಮಾರು 65 ಕಿ.ಮೀ. ಇರುತ್ತದೆ. 20 ಕಿ.ಮೀ. ಹೆಚ್ಚುವರಿ ವೇಗದಿಂದ ಆಗುವ ವ್ಯತ್ಯಾಸ ಇದು. ಒದ್ದೆ ರಸ್ತೆ, ಸವೆದ ಟಯರ್, ಹೆಚ್ಚಿನ ಭಾರ ಇದ್ದರೆ ದೂರ ಇನ್ನೂ ಹೆಚ್ಚುತ್ತದೆ.

ಇದರಿಂದ ಉಳಿಯುವ ಸಮಯವಾದರೂ ಅಲ್ಪ. 10 ಕಿ.ಮೀ. ದೂರವನ್ನು 60ರ ಬದಲು 80 ಕಿ.ಮೀ. ವೇಗದಲ್ಲಿ ಕ್ರಮಿಸಿದರೆ ಉಳಿಯುವುದು ಎರಡೂವರೆ ನಿಮಿಷ. ನಗರದಲ್ಲಿ ಅದನ್ನೂ ಮುಂದಿನ ಸಿಗ್ನಲ್ ಕಸಿದುಕೊಳ್ಳುತ್ತದೆ. ಮೊಬೈಲ್ ಬಳಕೆಗೂ ಇದೇ ಲೆಕ್ಕ ಅನ್ವಯಿಸುತ್ತದೆ. 60 ಕಿ.ಮೀ. ವೇಗದಲ್ಲಿ ನಾಲ್ಕು ಸೆಕೆಂಡ್ ಪರದೆಯತ್ತ ನೋಡಿದ ಚಾಲಕನು ಸುಮಾರು 67 ಮೀಟರ್ ದೂರವನ್ನು ರಸ್ತೆ ನೋಡದೆಯೇ ಕ್ರಮಿಸಿರುತ್ತಾನೆ.

ದುರಭ್ಯಾಸ ಬೇರೂರುವ ಬಗೆ

ತಪ್ಪು ಚಾಲನೆಗೆ ಶಿಕ್ಷೆ ಪ್ರತಿಸಲವೂ ಸಿಗುವುದಿಲ್ಲ. ಕೆಂಪು ದೀಪವಿದ್ದಾಗ ನುಗ್ಗಿದವನು ಬಹುತೇಕ ಸಲ ಸುರಕ್ಷಿತವಾಗಿಯೇ ಆಚೆ ಸೇರುತ್ತಾನೆ. ಪ್ರತಿಯೊಂದು ಸುರಕ್ಷಿತ ಪಾರಾಗುವಿಕೆಯೂ ಅದನ್ನು ತನ್ನ ಚಾಕಚಕ್ಯತೆಯೆಂದು ಅವನು ನಂಬುವಂತೆ ಮಾಡುತ್ತದೆ. ಹೀಗೆ ಅದೃಷ್ಟವು ಅನುಭವದ ವೇಷ ಧರಿಸುತ್ತದೆ. ಇತರ ಚಾಲಕರು ಎಚ್ಚರದಿಂದ ಬದಿಗೆ ಸರಿದು ತನ್ನನ್ನು ಉಳಿಸಿದರೆಂಬುದು ಅವನ ಗಮನಕ್ಕೆ ಬರುವುದಿಲ್ಲ.

ಅನುಕರಣೆ ಇನ್ನೊಂದು ಕಾರಣ. ತಂದೆಯ ಸ್ಕೂಟರಿನ ಮುಂದೆ ನಿಂತು ಶಾಲೆಗೆ ಹೋಗುವ ಮಗು, ಸಿಗ್ನಲ್ ದಾಟುವ ಪಾಠವನ್ನು ಶಾಲೆಗೆ ಮುನ್ನ ಅಲ್ಲಿಯೇ ಕಲಿಯುತ್ತದೆ. ದಂಡವನ್ನು ತಪ್ಪಿಗೆ ಶಿಕ್ಷೆಯೆಂದು ಕಾಣದೆ ಶುಲ್ಕವೆಂದು ಕಾಣುವ ಮನೋಭಾವವೂ ಇದೆ. 2023ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಬಾಕಿ ಸಂಚಾರ ದಂಡದ ಮೇಲೆ ಶೇ. 50ರ ರಿಯಾಯಿತಿ ಪ್ರಕಟಿಸಿದಾಗ ಬೆಂಗಳೂರಿನಲ್ಲಿ ಪಾವತಿಸಲು ಜನ ಮುಗಿಬಿದ್ದರು. ದಂಡ ಎಷ್ಟು ಕಾಲದಿಂದ ಬಾಕಿ ಉಳಿದಿತ್ತೆಂಬುದನ್ನು ಅದು ತೋರಿಸಿತು.

ಪರಿಣಾಮಗಳು

ದೈಹಿಕ ಪರಿಣಾಮಗಳಲ್ಲಿ ತಲೆಯ ಗಾಯ ಅತ್ಯಂತ ಗಂಭೀರವಾದುದು. ಬದುಕುಳಿದವರಲ್ಲಿಯೂ ಹಲವರು ನೆನಪು, ಮಾತು, ಚಲನೆಯ ಶಕ್ತಿಯನ್ನು ಕಳೆದುಕೊಳ್ಳುತ್ತಾರೆ. ಸರಿಯಾಗಿ ಪಟ್ಟಿ ಬಿಗಿದ ಹೆಲ್ಮೆಟ್ ಸಾವಿನ ಸಂಭವವನ್ನು ಸುಮಾರು ಶೇ. 42ರಷ್ಟು, ತಲೆಯ ಗಾಯದ ಸಂಭವವನ್ನು ಶೇ. 69ರಷ್ಟು ತಗ್ಗಿಸುತ್ತದೆಂದು ಹಲವು ಅಧ್ಯಯನಗಳ ಸಮೀಕ್ಷೆ ತಿಳಿಸುತ್ತದೆ.

ಸೀಟ್ ಬೆಲ್ಟ್ ಮುಂದಿನ ಆಸನದವರಿಗಷ್ಟೇ ಎಂಬುದು ತಪ್ಪು ಕಲ್ಪನೆ. ಡಿಕ್ಕಿಯಾದಾಗ ಕಾರು ನಿಂತರೂ ಬೆಲ್ಟ್ ಇಲ್ಲದ ದೇಹ ಅದೇ ವೇಗದಲ್ಲಿ ಮುಂದಕ್ಕೆ ಚಿಮ್ಮುತ್ತದೆ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ನಡೆದ ಅಪಘಾತದಲ್ಲಿ ಹಿಂದಿನ ಆಸನದಲ್ಲಿದ್ದ ಉದ್ಯಮಿ ಸೈರಸ್ ಮಿಸ್ತ್ರಿ ಮೃತಪಟ್ಟರು. ಅವರು ಬೆಲ್ಟ್ ಧರಿಸಿರಲಿಲ್ಲವೆಂದು ವರದಿಯಾದ ಬಳಿಕ ಹಿಂದಿನ ಆಸನದ ಬೆಲ್ಟ್ ದೇಶದಲ್ಲಿ ಚರ್ಚೆಯ ವಿಷಯವಾಯಿತು.

ಆರ್ಥಿಕವಾಗಿ, ದುಡಿಯುವವನ ಸಾವು ಅಥವಾ ಅಂಗವೈಕಲ್ಯವು ಕುಟುಂಬವನ್ನು ಸಾಲಕ್ಕೆ ನೂಕುತ್ತದೆ. ಮಕ್ಕಳ ಶಿಕ್ಷಣ ನಿಲ್ಲುತ್ತದೆ. ರೋಗಿಯ ಆರೈಕೆಗಾಗಿ ಮನೆಯ ಇನ್ನೊಬ್ಬರೂ ದುಡಿಮೆ ಬಿಡಬೇಕಾಗುತ್ತದೆ. ಅಪಘಾತ ಮಾಡಿದವನ ಮನೆಗೂ ಕಷ್ಟ ತಪ್ಪಿದ್ದಲ್ಲ. ವಿಮೆಯಿಲ್ಲದ ವಾಹನವಾಗಿದ್ದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ವಿಧಿಸುವ ಪರಿಹಾರವನ್ನು ಮಾಲೀಕನೇ ತೆರಬೇಕು. ಚಾಲಕನಿಗೆ ಪರವಾನಗಿ ಇಲ್ಲದಿದ್ದಲ್ಲಿ, ವಿಮಾ ಕಂಪನಿಯು ಪರಿಹಾರ ಕೊಟ್ಟು ಆ ಮೊತ್ತವನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ನ್ಯಾಯಾಲಯಗಳು ಆದೇಶಿಸುವುದುಂಟು.

ಕಾನೂನು

ಭಾರತದಲ್ಲಿ ವಾಹನ ಚಾಲನೆಯನ್ನು ನಿಯಂತ್ರಿಸುವ ಮುಖ್ಯ ಶಾಸನ 1988ರ ಮೋಟಾರು ವಾಹನಗಳ ಅಧಿನಿಯಮ. 2019ರ ತಿದ್ದುಪಡಿಯ ದಂಡ ಸಂಬಂಧಿ ಉಪಬಂಧಗಳು ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದವು. ಮುಖ್ಯ ಕಲಮುಗಳು ಹೀಗಿವೆ:

ಕಲಂ 184: ಅಪಾಯಕರ ಚಾಲನೆ. ಕೆಂಪು ದೀಪ ದಾಟುವುದು, ಕೈಯಲ್ಲಿ ಫೋನ್ ಹಿಡಿದು ಚಾಲನೆ, ವಿರುದ್ಧ ದಿಕ್ಕಿನ ಸಂಚಾರ ಇದರಲ್ಲಿ ಸೇರಿವೆ. ಮೊದಲ ಅಪರಾಧಕ್ಕೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸ ಅಥವಾ 1,000ರಿಂದ 5,000 ರೂ. ದಂಡ ಅಥವಾ ಎರಡೂ.

ಕಲಂ 185: ಮದ್ಯಪಾನ ಮಾಡಿ ಚಾಲನೆ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಅಪರಾಧ. ಮೊದಲ ಸಲ ಆರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂ. ದಂಡ ಅಥವಾ ಎರಡೂ.

ಕಲಂ 194ಡಿ: ಹೆಲ್ಮೆಟ್ ಧರಿಸದಿದ್ದರೆ 1,000 ರೂ. ದಂಡ ಹಾಗೂ ಮೂರು ತಿಂಗಳು ಪರವಾನಗಿ ಅನರ್ಹತೆ. ಕರ್ನಾಟಕ ಸರ್ಕಾರವು 2019ರ ಸೆಪ್ಟೆಂಬರ್‌ನಲ್ಲಿ ಸ್ಥಳದಲ್ಲೇ ಕಟ್ಟಬಹುದಾದ ದಂಡವನ್ನು 500 ರೂ.ಗೆ ಇಳಿಸಿತು.

ಕಲಂ 199ಎ: ಅಪ್ರಾಪ್ತ ವಯಸ್ಕರು ವಾಹನ ನಡೆಸಿ ಅಪರಾಧ ಎಸಗಿದರೆ ಪೋಷಕರು ಅಥವಾ ಮಾಲೀಕರು ತಪ್ಪಿತಸ್ಥರು. ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂ. ದಂಡ, ವಾಹನದ ನೋಂದಣಿ 12 ತಿಂಗಳು ರದ್ದು, ಆ ಬಾಲಕ ಅಥವಾ ಬಾಲಕಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಇಲ್ಲ.

ಇದಲ್ಲದೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 281 ಅತಿವೇಗ ಮತ್ತು ನಿರ್ಲಕ್ಷ್ಯದ ಚಾಲನೆಯನ್ನು, ಕಲಂ 106 ನಿರ್ಲಕ್ಷ್ಯದಿಂದ ಉಂಟಾದ ಸಾವನ್ನು ದಂಡನೀಯಗೊಳಿಸುತ್ತವೆ. ಕಲಂ 106(1)ರ ಪ್ರಕಾರ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಅಪಘಾತವೆಸಗಿ ತಿಳಿಸದೆ ಪರಾರಿಯಾದವರಿಗೆ ಹತ್ತು ವರ್ಷಗಳವರೆಗೆ ಶಿಕ್ಷೆ ಸೂಚಿಸುವ 106(2)ನೆಯ ಉಪಕಲಮನ್ನು, ಲಾರಿ ಚಾಲಕರ ಪ್ರತಿಭಟನೆಯ ನಂತರ, ಸಂಹಿತೆಯ ಜೊತೆಗೆ ಜಾರಿಗೆ ತರದೆ ತಡೆಹಿಡಿಯಲಾಯಿತು.

ರಸ್ತೆ ವಿನ್ಯಾಸದ ಪಾತ್ರ

ಎಲ್ಲ ಹೊಣೆಯನ್ನೂ ಚಾಲಕನ ಮೇಲೆ ಹೊರಿಸುವುದು ನ್ಯಾಯವಲ್ಲವೆಂಬ ವಾದಕ್ಕೂ ಆಧಾರವಿದೆ. ಫಲಕವಿಲ್ಲದ ರಸ್ತೆಯುಬ್ಬು, ಗುಂಡಿ, ಪಾದಚಾರಿ ಮಾರ್ಗವಿಲ್ಲದ ಪೇಟೆ ರಸ್ತೆ, ಊರನ್ನು ಸೀಳಿ ಹಾದ ಹೆದ್ದಾರಿ ಇವೂ ಸಾವಿಗೆ ಕಾರಣ. 1997ರಲ್ಲಿ ಸ್ವೀಡನ್ ಸಂಸತ್ತು ಅಂಗೀಕರಿಸಿದ ಶೂನ್ಯ ಸಾವಿನ ನೀತಿಯು, ಮನುಷ್ಯ ತಪ್ಪು ಮಾಡುವವನೇ ಆದ್ದರಿಂದ ಆ ತಪ್ಪು ಸಾವಿನಲ್ಲಿ ಕೊನೆಗೊಳ್ಳದಂತೆ ರಸ್ತೆಯನ್ನು ರೂಪಿಸಬೇಕೆಂದು ಹೇಳುತ್ತದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಅಪಘಾತಗಳು ಹೆಚ್ಚಿದಾಗ, ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು ನಿಷೇಧಿಸಲಾಯಿತು. ಮುಂದೆ ವೇಗವನ್ನು ಪತ್ತೆಹಚ್ಚುವ ಕ್ಯಾಮೆರಾಗಳನ್ನೂ ಅಳವಡಿಸಲಾಯಿತು. ರಸ್ತೆ, ನಿಯಮ, ಚಾಲಕ ಈ ಮೂರೂ ಒಟ್ಟಿಗೆ ಸುಧಾರಿಸಬೇಕೆಂಬುದಕ್ಕೆ ಇದೊಂದು ನಿದರ್ಶನ.

ಗಾಯಾಳುಗಳಿಗೆ ನೆರವು

ಅಪಘಾತದ ನಂತರದ ಮೊದಲ ಒಂದು ಗಂಟೆಯನ್ನು ಸುವರ್ಣ ಗಂಟೆ ಎನ್ನುತ್ತಾರೆ. ಆ ಅವಧಿಯಲ್ಲಿ ಚಿಕಿತ್ಸೆ ದೊರೆತರೆ ಬದುಕುವ ಸಂಭವ ಹೆಚ್ಚು. ಪೊಲೀಸರ ಮತ್ತು ನ್ಯಾಯಾಲಯದ ಅಲೆದಾಟಕ್ಕೆ ಹೆದರಿ ದಾರಿಹೋಕರು ನೆರವಿಗೆ ಹಿಂಜರಿಯುತ್ತಿದ್ದರು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ನೆರವಾದವರಿಗೆ ರಕ್ಷಣೆ ನೀಡುವ ಮಾರ್ಗಸೂಚಿಯನ್ನು ಮಾನ್ಯ ಮಾಡಿತು. 2019ರ ತಿದ್ದುಪಡಿಯ ಕಲಂ 134ಎ ಅದಕ್ಕೆ ಶಾಸನದ ಬಲ ನೀಡಿತು. ಒಳ್ಳೆಯ ಉದ್ದೇಶದಿಂದ ನೆರವಾದವರು ತಮ್ಮ ಹೆಸರು ಹೇಳಲೇಬೇಕೆಂಬ ಒತ್ತಾಯವಿಲ್ಲ.

2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹ ತುಂಡಾದ ಯುವಕನೊಬ್ಬನು, ನೆರವಿಗೆ ಬಂದವರಲ್ಲಿ ತನ್ನ ಅಂಗಗಳನ್ನು ದಾನ ಮಾಡುವಂತೆ ಕೇಳಿಕೊಂಡು ಅಸುನೀಗಿದನು. ಅವನ ಹೆಸರಿನಲ್ಲಿ ಕರ್ನಾಟಕ ಸರ್ಕಾರವು ಅದೇ ವರ್ಷ ‘ಮುಖ್ಯಮಂತ್ರಿಗಳ ಸಾಂತ್ವನ ಹರೀಶ್ ಯೋಜನೆ’ಯನ್ನು ಆರಂಭಿಸಿತು. ರಾಜ್ಯದಲ್ಲಿ ಅಪಘಾತಕ್ಕೀಡಾದವರಿಗೆ ಮೊದಲ 48 ಗಂಟೆಗಳಲ್ಲಿ 25,000 ರೂ.ವರೆಗಿನ ಚಿಕಿತ್ಸೆಯನ್ನು ಹಣ ಕೇಳದೆ ನೀಡುವುದು ಇದರ ಉದ್ದೇಶವಾಗಿತ್ತು. ತುರ್ತು ಸಂದರ್ಭದಲ್ಲಿ 112, ಆಂಬುಲೆನ್ಸ್‌ಗಾಗಿ 108, ರಾಷ್ಟ್ರೀಯ ಹೆದ್ದಾರಿಗಳಲ್ಲಿ 1033 ಸಂಖ್ಯೆಗೆ ಕರೆ ಮಾಡಬಹುದು.

ತಡೆಗಟ್ಟುವಿಕೆ

ವಿಶ್ವಸಂಸ್ಥೆಯು 2021–2030ರ ದಶಕದಲ್ಲಿ ರಸ್ತೆ ಸಾವುಗಳನ್ನು ಅರ್ಧಕ್ಕೆ ಇಳಿಸುವ ಗುರಿ ಇರಿಸಿಕೊಂಡಿದೆ. ಪರವಾನಗಿ ಪರೀಕ್ಷೆಯನ್ನು ಬಿಗಿಗೊಳಿಸುವುದು, ನಿರಂತರ ತಪಾಸಣೆ, ಅಪಘಾತ ವಲಯಗಳ ದುರಸ್ತಿ, ಸಾರ್ವಜನಿಕ ಸಾರಿಗೆಯ ವಿಸ್ತರಣೆ ಸರ್ಕಾರದ ಹೊಣೆಗಳು. ಮನೆಯ ಹೊಣೆ ಇದಕ್ಕಿಂತ ಸರಳವಾದುದು: ಅಪ್ರಾಪ್ತರಿಗೆ ಕೀಲಿಕೈ ಕೊಡದಿರುವುದು, ಹಿಂಬದಿ ಸವಾರನಿಗೂ ಹೆಲ್ಮೆಟ್ ಇಡುವುದು, ಚಾಲನೆಯಲ್ಲಿರುವವರಿಗೆ ಕರೆ ಮಾಡದಿರುವುದು, ಹೊರಡುವ ಸಮಯವನ್ನು ಹತ್ತು ನಿಮಿಷ ಹಿಂದಕ್ಕೆ ತರುವುದು. ದುರಭ್ಯಾಸವು ದಿನಕ್ಕಿಷ್ಟರಂತೆ ಬೆಳೆದು ಬಂದ ಹಾಗೆಯೇ ಒಳ್ಳೆಯ ಅಭ್ಯಾಸವೂ ದಿನದಿನದ ಆಚರಣೆಯಿಂದಲೇ ನೆಲೆಗೊಳ್ಳುತ್ತದೆ.