ಹಂಪಿಯನ್ನು ಅಳೆದ ದಂಡಿನ ಇಂಜಿನಿಯರ್

ಹೊಸಪೇಟೆಯಿಂದ ಹಂಪಿಗೆ ಬರುವ ಪ್ರವಾಸಿಗರು ಸಾಮಾನ್ಯವಾಗಿ ಸೂರ್ಯೋದಯವನ್ನು ನೋಡುವುದಕ್ಕಾಗಿ ಮಾತಂಗ ಪರ್ವತವನ್ನು ಏರುತ್ತಾರೆ. ನಾವು ಕೆಲವು ವಿದ್ಯಾರ್ಥಿಗಳೊಡನೆ ಅದನ್ನು ಏರಿದುದು ಬೇರೊಂದು ಉದ್ದೇಶದಿಂದ. ನಮ್ಮ ಬಳಿ ಅಳತೆಯ ಟೇಪು, ಕೋನಮಾಪಕ ಮತ್ತು ಲಾಗರಿತಮ್ ಕೋಷ್ಟಕದ ಪುಸ್ತಕ ಇದ್ದುವು. ಕೆಳಗೆ ವಿರೂಪಾಕ್ಷನ ಗೋಪುರ. ಈಶಾನ್ಯದಲ್ಲಿ ಬಂಡೆಗಳ ನಡುವೆ ದಾರಿ ಮಾಡಿಕೊಂಡು ಕಂಪ್ಲಿಯ ಕಡೆಗೆ ಸಾಗುವ ತುಂಗಭದ್ರೆ. ದಕ್ಷಿಣದ ಅಂಚಿನಲ್ಲಿ ಸಂಡೂರಿನ ಬೆಟ್ಟಸಾಲು. "ಇಷ್ಟೊಂದು ಬಂಡೆಗಳ ನಡುವೆ ಮೊದಲು ನಕಾಶೆ ಬರೆದವನು ಎಲ್ಲಿಂದ ಆರಂಭಿಸಿದನು, ಸಾರ್?" ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು.

ಈ ಪ್ರಶ್ನೆಗೆ ಎರಡು ಉತ್ತರಗಳುಂಟು. ಒಂದು ಗಣಿತದ್ದು, ಇನ್ನೊಂದು ಗಣಿತದ ಹೊರಗಿನದು. ಎರಡೂ ಕಾಲಿನ್ ಮೆಕೆಂಝಿಯ ಜೀವನಚರಿತ್ರೆಯಲ್ಲಿ ನಮಗೆ ದೊರೆಯುತ್ತವೆ. 1800ರ ಸುಮಾರಿಗೆ ಹಂಪಿಯ ಅವಶೇಷಗಳ ಮೊದಲ ಮೋಜಣಿ ನಕಾಶೆಯನ್ನು ಸಿದ್ಧಪಡಿಸಿದವನು ಆತನೇ.

ಮೆಕೆಂಝಿಯು 1754ರಲ್ಲಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿರುವ ಸ್ಟಾರ್ನೊವೇ ಎಂಬ ಪಟ್ಟಣದಲ್ಲಿ ಜನಿಸಿದನು. ಯೌವನದಲ್ಲಿ ಅಲ್ಲಿಯೇ ಸುಂಕದ ಅಧಿಕಾರಿಯಾಗಿದ್ದನು. ಲಾಗರಿತಮನ್ನು ಕಂಡುಹಿಡಿದು 1614ರಲ್ಲಿ ಪ್ರಕಟಿಸಿದ ಜಾನ್ ನೇಪಿಯರನ ಹೆಸರನ್ನು ನಮ್ಮ ಓದುಗರು ಬಲ್ಲರು. ಆ ವಂಶದ ಲಾರ್ಡ್ ನೇಪಿಯರನು ತನ್ನ ಪೂರ್ವಿಕನ ಚರಿತ್ರೆಯನ್ನು ಬರೆಯಲು ತೊಡಗಿದ್ದು, ಹಿಂದೂಗಳ ಗಣಿತದ ವಿಷಯವನ್ನು ತಿಳಿಯಬಯಸಿದ್ದನು. ಈ ಕೆಲಸದಲ್ಲಿ ನೆರವಾಗುತ್ತ ಮೆಕೆಂಝಿಗೂ ಭಾರತದ ವಿದ್ಯೆಗಳಲ್ಲಿ ಕುತೂಹಲ ಹುಟ್ಟಿತು. 1783ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೇರಿ ಆತನು ಮದರಾಸಿಗೆ ಬಂದನು. 1786ರಲ್ಲಿ ಕಾಲಾಳು ಪಡೆಯಿಂದ ಇಂಜಿನಿಯರುಗಳ ದಳಕ್ಕೆ ವರ್ಗವಾದನು.

ದಂಡಿನ ಇಂಜಿನಿಯರನ ಕೆಲಸವೇನು? ಸೈನ್ಯವು ಹೊರಡುವ ಮುನ್ನ ದಾರಿ ಯಾವುದು, ನದಿಯನ್ನು ಎಲ್ಲಿ ದಾಟಬೇಕು, ಎತ್ತುಗಳಿಗೆ ನೀರು ಎಲ್ಲಿ ದೊರೆಯುತ್ತದೆ ಎಂಬುದನ್ನೆಲ್ಲ ಅವನು ತಿಳಿದಿರಬೇಕು. ಮುತ್ತಿಗೆಯ ಕಾಲದಲ್ಲಿ ತೋಪುಗಳನ್ನು ಹೂಡಬೇಕಾದರೆ, ಕೋಟೆಯ ಗೋಡೆಯು ಎಷ್ಟು ದೂರದಲ್ಲಿದೆ ಎಂಬುದನ್ನು ಅದರ ಬಳಿಗೆ ಹೋಗದೆಯೇ ಹೇಳಬೇಕು. 1791ರಲ್ಲಿ ಬೆಂಗಳೂರಿನ ಮುತ್ತಿಗೆ, 1792 ಮತ್ತು 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಗಳು — ಇವೆಲ್ಲವುಗಳಲ್ಲಿ ಮೆಕೆಂಝಿಯು ಭಾಗವಹಿಸಿದನು.

ಹೋಗಲಾಗದ ಸ್ಥಳದ ದೂರವನ್ನು ಅಳೆಯುವ ಬಗೆಯನ್ನು ನಾವು ಅಂದು ಮಾತಂಗದ ಮೇಲೆಯೇ ಲೆಕ್ಕಮಾಡಿ ತೋರಿಸಿದೆವು. ಸಮನೆಲದ ಮೇಲೆ ಕ, ಖ ಎಂಬ ಎರಡು ಬಿಂದುಗಳ ನಡುವೆ 300 ಮೀಟರು ಉದ್ದದ ಒಂದು ರೇಖೆಯನ್ನು ಎಚ್ಚರಿಕೆಯಿಂದ ಅಳೆದಿದ್ದೇವೆ ಎಂದುಕೊಳ್ಳೋಣ. ಇದೇ ಆಧಾರರೇಖೆ. ನದಿಯ ಆಚೆಗಿನ ಗ ಎಂಬ ಬಂಡೆಯನ್ನು ನೋಡಿದಾಗ, ದೃಷ್ಟಿರೇಖೆಯು ಆಧಾರರೇಖೆಯೊಡನೆ ಕ ದಲ್ಲಿ 60 ಡಿಗ್ರಿ, ಖ ದಲ್ಲಿ 70 ಡಿಗ್ರಿ ಕೋನ ಮಾಡುತ್ತದೆ ಎನ್ನಿರಿ. ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿಯಾದುದರಿಂದ ಗ ದಲ್ಲಿನ ಕೋನವು 50 ಡಿಗ್ರಿ. ಭುಜಗಳು ಎದುರು ಕೋನಗಳ ಸೈನ್ ಬೆಲೆಗೆ ಅನುಪಾತದಲ್ಲಿರುತ್ತವೆ. ಆದುದರಿಂದ 300ನ್ನು 0.9397ರಿಂದ ಗುಣಿಸಿ 0.7660ರಿಂದ ಭಾಗಿಸಿದರೆ ಕ ದಿಂದ ಗ ಕ್ಕೆ ಇರುವ ದೂರ ದೊರೆಯುತ್ತದೆ: ಸುಮಾರು 368 ಮೀಟರು. ನದಿಯಲ್ಲಿ ಕಾಲಿಡದೆಯೇ ನದಿಯಾಚೆಯ ಬಂಡೆಯನ್ನು ಮುಟ್ಟಿದಂತಾಯಿತು! ಈಗ ಕ–ಗ ಎಂಬ ಭುಜವೇ ಮುಂದಿನ ತ್ರಿಭುಜಕ್ಕೆ ಆಧಾರರೇಖೆ. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ತ್ರಿಭುಜಗಳ ಬಲೆಯು ಹರಡುತ್ತದೆ. ಕೋನವನ್ನು ಅಳೆಯಲು ಥಿಯೊಡೊಲೈಟ್ ಎಂಬ ಉಪಕರಣವಿತ್ತು. ಗುಣಾಕಾರ ಭಾಗಾಕಾರಗಳನ್ನು ಕೂಡುವುದಕ್ಕೂ ಕಳೆಯುವುದಕ್ಕೂ ಇಳಿಸಲು ನೇಪಿಯರನ ಲಾಗರಿತಮ್ ಇತ್ತು.

1799ರಲ್ಲಿ ಟಿಪ್ಪುಸುಲ್ತಾನನು ಮಡಿದ ಮೇಲೆ, ಮೈಸೂರು ಸೀಮೆಯ ಮೋಜಣಿಯನ್ನು ಮೆಕೆಂಝಿಗೆ ವಹಿಸಲಾಯಿತು. ಸುಮಾರು ಹತ್ತು ವರ್ಷಗಳಲ್ಲಿ ಸುಮಾರು 40,000 ಚದರ ಮೈಲಿಗಳ ಪ್ರದೇಶವು ನಕಾಶೆಗಿಳಿಯಿತು. ಕೆಲಸವು ಸುಗಮವಾಗಿರಲಿಲ್ಲ. ಕಂಪನಿಯು ವೆಚ್ಚವನ್ನು ಕಡಿತಗೊಳಿಸಿತು. ಕಾಡುಜ್ವರವು ಮೋಜಣಿದಾರರನ್ನು ಹಾಸಿಗೆ ಹಿಡಿಸಿತು. ಮದರಾಸಿನ ಮೋಜಣಿ ಶಾಲೆಯಲ್ಲಿ ತರಬೇತಾದ, ನಮ್ಮ ಪ್ರೌಢಶಾಲೆಯ ಓದುಗರ ವಯಸ್ಸಿನ ಹುಡುಗರೂ ಈ ಕಷ್ಟದಲ್ಲಿ ಪಾಲುಗೊಂಡರು.

ಇನ್ನು ಎರಡನೆಯ ಉತ್ತರ. ಥಿಯೊಡೊಲೈಟು ಬೆಟ್ಟವು ಎಲ್ಲಿದೆ ಎಂದು ಹೇಳೀತು. ಅದರ ಹೆಸರೇನು, ಅದರ ಮೇಲಿನ ಗುಡಿಯನ್ನು ಕಟ್ಟಿಸಿದವರು ಯಾರು ಎಂದು ಹೇಳಲಾರದು. ಅದನ್ನು ಜನರನ್ನೇ ಕೇಳಬೇಕು. ಹಂಪಿಯಲ್ಲಿ ಮೆಕೆಂಝಿಗೆ ಮೊದಲ ಮಾಹಿತಿಯನ್ನು ಒದಗಿಸಿದುದು ವಿರೂಪಾಕ್ಷ ದೇವಾಲಯದ ಮತ್ತು ಪಂಪಾದೇವಿಯ ಗುಡಿಯ ಅರ್ಚಕರ ನೆನಪುಗಳೇ. ಆತನು ದೇಶಭಾಷೆಗಳನ್ನು ಬಲ್ಲವನಾಗಿರಲಿಲ್ಲ. ಇದನ್ನು ಆತನೇ ಒಪ್ಪಿಕೊಂಡಿದ್ದಾನೆ. ಆತನಿಗೆ ಕಿವಿಯೂ ನಾಲಗೆಯೂ ಆಗಿದ್ದವರು ಕಾವಲಿ ವೆಂಕಟ ಬೊರಯ್ಯ, ಅವನ ತಮ್ಮ ಲಕ್ಷ್ಮಯ್ಯ ಮೊದಲಾದವರು. ಬೊರಯ್ಯನು 1803ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡನು. ಹಳಗನ್ನಡದ ಶಾಸನಗಳನ್ನು ಓದಿಕೊಟ್ಟವನು ಮಲೆಯೂರಿನ ಜೈನ ವಿದ್ವಾಂಸ ಧರ್ಮಯ್ಯ. ಇವರು ಊರೂರು ತಿರುಗಿ, ಶಾನುಭೋಗರಿಂದಲೂ ಹಿರಿಯರಿಂದಲೂ ಕೇಳಿ ಬರೆಯಿಸಿದ ಗ್ರಾಮವೃತ್ತಾಂತಗಳಿಗೆ ಕೈಫಿಯತ್ತುಗಳೆಂದು ಹೆಸರು.

ಕಂಪನಿಗೆ ನಕಾಶೆ ಬೇಕಾದುದು ಕಂದಾಯಕ್ಕೆ ಮತ್ತು ದಂಡಿಗೆ. ಈ ಸತ್ಯವನ್ನು ನಾವು ಮರೆಯಬಾರದು. ಆದರೆ ಅಳೆಯಹೋದವನು ಕೇಳುವುದನ್ನೂ ಕಲಿತುದರಿಂದ, ಅಳಿದುಹೋಗಬಹುದಾಗಿದ್ದ ನೆನಪುಗಳು ಉಳಿದುವು.

ಮುಂದೆ ಮೆಕೆಂಝಿಗೆ ಪದವಿಗಳು ಬಂದುವು. 1810ರಲ್ಲಿ ಮದರಾಸಿನ ಸರ್ವೇಯರ್ ಜನರಲ್ ಆದನು. 1811ರಲ್ಲಿ ಜಾವಾ ದಂಡಯಾತ್ರೆಗೆ ಹೋದನು. ಅಲ್ಲಿನ ಸೇವೆಗಾಗಿ 1815ರಲ್ಲಿ 'ಆರ್ಡರ್ ಆಫ್ ದಿ ಬಾತ್' ಎಂಬ ಗೌರವದ ಸಿ. ಬಿ. ಪದವಿಯು ದೊರೆಯಿತು. ಅದೇ ವರ್ಷ ಆತನು ಭಾರತದ ಮೊದಲ ಸರ್ವೇಯರ್ ಜನರಲ್ ಆಗಿ ನೇಮಕಗೊಂಡನು. 1821ರ ಮೇ 8ರಂದು ಕಲ್ಕತ್ತೆಯ ಬಳಿ ತೀರಿಕೊಂಡನು. ಆತನ ಸಂಗ್ರಹದಲ್ಲಿ 1,568 ಸಾಹಿತ್ಯ ಹಸ್ತಪ್ರತಿಗಳು, 8,076 ಶಾಸನಗಳ ಪ್ರತಿಗಳು, 2,630 ಚಿತ್ರಗಳು ಮತ್ತು 6,218 ನಾಣ್ಯಗಳು ಇದ್ದುವೆಂದು 1828ರಲ್ಲಿ ಪ್ರಕಟವಾದ ಪಟ್ಟಿಯು ತಿಳಿಸುತ್ತದೆ.

1816ರಲ್ಲಿ ಥಾಮಸ್ ಹಿಕ್ಕಿ ಎಂಬ ಚಿತ್ರಕಾರನು ಮೆಕೆಂಝಿಯ ಚಿತ್ರವನ್ನು ಬರೆದನು. ಅಧಿಕಾರಿಯು ಕೆಂಪು ಅಂಗಿಯಲ್ಲಿ ಒಬ್ಬನೇ ನಿಂತಿಲ್ಲ. ಜೊತೆಯಲ್ಲಿ ಮೂವರು ಭಾರತೀಯ ಸಹಾಯಕರಿದ್ದಾರೆ. ಒಬ್ಬನ ಕೈಯಲ್ಲಿ ದೂರದರ್ಶಕ, ಇನ್ನೊಬ್ಬನ ಕೈಯಲ್ಲಿ ತಾಳೆಗರಿಯ ಹಸ್ತಪ್ರತಿ. ಹಿನ್ನೆಲೆಯಲ್ಲಿ ಬಾಹುಬಲಿಯ ಮಹಾಮೂರ್ತಿ. ಮೋಜಣಿಗೆ ಬೇಕಾದ ಎರಡು ಉಪಕರಣಗಳನ್ನೂ ಚಿತ್ರಕಾರನು ಒಂದೇ ಚೌಕಟ್ಟಿನಲ್ಲಿ ತೋರಿಸಿದ್ದಾನೆ.

ಆ ಕೈಫಿಯತ್ತುಗಳಲ್ಲಿ ಕನ್ನಡ ನಾಡಿನವು ಡಾ. ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಅಚ್ಚಾಗಿವೆ. ಪ್ರಕಟಿಸಿದುದು ಹಂಪಿಯ ಕನ್ನಡ ವಿಶ್ವವಿದ್ಯಾಲಯ. ಮದರಾಸು, ಕಲ್ಕತ್ತೆಗಳನ್ನು ಸುತ್ತಿದ ಮಾತುಗಳು ಹಂಪಿಗೇ ಮರಳಿದಂತಾಯಿತು.

ಅಂದು ಬೆಟ್ಟವಿಳಿಯುವಾಗ ನಾವು ಆ ವಿದ್ಯಾರ್ಥಿನಿಗೆ ಉತ್ತರವನ್ನು ಹೀಗೆ ಹೇಳಿದೆವು: "ಒಂದು ಗೆರೆಯನ್ನು ಅಳೆದು ಆರಂಭಿಸಿದನು, ತಾಯಿ, ಒಂದು ಹೆಸರನ್ನು ಕೇಳಿ ಆರಂಭಿಸಿದನು." ಆಕೆಯು ಕೆಳಗೆ ಬಂದೊಡನೆ, ದಾರಿಯಲ್ಲಿ ಕುರಿ ಮೇಯಿಸುತ್ತಿದ್ದ ಮುದುಕನನ್ನು ಎದುರಿನ ಗುಡ್ಡದ ಹೆಸರೇನೆಂದು ಕೇಳಿ, ತನ್ನ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡಳು.