ಜೇನು ಕಾಯಲು ಹೊಲದಲ್ಲೊಂದು ಮಣ್ಣಿನ ಕೋಣೆ

ನಮ್ಮದು ಶಿರಾ ಕಡೆಯ ಬೆದ್ದಲು. ನಾಲ್ಕು ಎಕರೆಯಲ್ಲಿ ಮಳೆ ಬಂದರೆ ಕಡ್ಲೆಕಾಯಿ, ರಾಗಿ. ಅಕ್ಕಡಿ ಸಾಲಿಗೆ ಅವರೆ, ಹುಚ್ಚೆಳ್ಳು. ಶಿವರಾತ್ರಿ ಹೊತ್ತಿಗೆ ಹೊಲ ಬಟಾಬಯಲು. ಆದರೆ ಬದುವಿನ ಮೇಲೆ ಅಪ್ಪ ಬಿಟ್ಟುಹೋದ ಹೊಂಗೆ, ಬೇವಿನ ಮರಗಳಿವೆ. ಹೊಂಗೆ ಎಲೆ ಉದುರಿಸಿ ಚಿಗುರಿ ಹೂವಾಗುತ್ತದೆ, ಯುಗಾದಿಗೆ ಬೇವು, ಆಮೇಲೆ ಹುಣಸೆ. ನಮಗೆ ಕೆಲಸವಿಲ್ಲದ ಈ ಕಾಲವೇ ಜೇನಿಗೆ ಸುಗ್ಗಿ.

ಹುಡುಗನಾಗಿದ್ದಾಗಿಂದ ನನಗೆ ಜೇನಿನ ಹುಚ್ಚು. ನಾಲ್ಕು ತುಡುವೆ ಪೆಟ್ಟಿಗೆ ಇಟ್ಟಿದ್ದೆ. 1991–92ರಲ್ಲಿ ಥಾಯ್ ಸ್ಯಾಕ್ ಬ್ರೂಡ್ ರೋಗ ಬಂದು ರಾಜ್ಯದ ತುಡುವೆಯನ್ನು ಹೆಚ್ಚೂಕಮ್ಮಿ ಗುಡಿಸಿಹಾಕಿತು. ಮರಿಹುಳ ಎರಿಯೊಳಗೇ ಸತ್ತು, ನೀರು ತುಂಬಿದ ಚೀಲದ ಹಾಗಾಗುತ್ತಿತ್ತು. ನನ್ನ ನಾಲ್ಕೂ ಹೋದವು. ಖಾಲಿ ಪೆಟ್ಟಿಗೆ ಅಟ್ಟ ಸೇರಿತು.

ಮತ್ತೆ ಧೈರ್ಯ ಮಾಡಿದ್ದು 2022ರ ದೀಪಾವಳಿಯಲ್ಲಿ. ಮೂರು ಪೆಟ್ಟಿಗೆ ತಂದು ಹೊಲದಲ್ಲಿಟ್ಟೆ. ಊರಿಗೂ ಹೊಲಕ್ಕೂ ಎರಡು ಮೈಲಿ, ವಾರಕ್ಕೊಮ್ಮೆ ನೋಡುತ್ತಿದ್ದೆ. ಬೇಸಿಗೆಯಲ್ಲಿ ಒಂದಕ್ಕೆ ಕೆಂಜಿಗ ನುಗ್ಗಿತು. ಸ್ಟ್ಯಾಂಡಿನ ಕಾಲಿಗೆ ಇಟ್ಟ ಬಟ್ಟಲಲ್ಲಿ ನೀರು ಆರಿದ್ದನ್ನು ನೋಡೋರೇ ಇರಲಿಲ್ಲ. ಇನ್ನೊಂದು, ಹತ್ತಿರದಲ್ಲೆಲ್ಲೂ ನೀರಿಲ್ಲದೆ ಹಾರಿಹೋಯಿತು. ಜೇನು ಸಾಕೋದಾದರೆ ಹೊಲದಲ್ಲೇ ಇರಬೇಕು ಅನ್ನಿಸಿತು. ನಮ್ಮಾಕೆ, “ಮನೆ ಜನಕ್ಕೋ ಹುಳಕ್ಕೋ?” ಅಂದಳು. ಉತ್ತರ ಹೇಳಲಿಲ್ಲ. ಇನ್ನೊಂದು ಪೆಟ್ಟಿಗೆ ತಂದು, 2024ರ ಶಿವರಾತ್ರಿ ಕಳೆದ ಮೇಲೆ ಪಾಯ ತೆಗೆದೆ.

ಒಳಗೆ ಹತ್ತು ಹನ್ನೆರಡು ಅಡಿಯ ಒಂದೇ ಕೋಣೆ. ಪಾಯಕ್ಕೆ ಹೊಲದ ಕಲ್ಲು, ಗೋಡೆಗೆ ಹೊಲದ ಮಣ್ಣು. ರಾಗಿಹುಲ್ಲು ಕತ್ತರಿಸಿ ಹಾಕಿ, ನೀರುಬಿಟ್ಟು ನಾಲ್ಕು ದಿನ ಕೊಳೆಸಿ ತುಳಿದೆವು. ಒಂದೂವರೆ ಅಡಿ ದಪ್ಪ. ಒಂದು ಸಲಕ್ಕೆ ಒಂದೇ ಮೊಳ ಎತ್ತರ, ಅದು ಒಣಗಿದ ಮೇಲೇ ಮುಂದಿನ ವರಸೆ. ಅವಸರ ಮಾಡಿದರೆ ಗೋಡೆ ಹೊಟ್ಟೆ ಬಿಡುತ್ತದೆ. ನೀರು ಡ್ರಮ್ಮಿನಲ್ಲಿ ಗಾಡಿ ಮೇಲೆ ಬರಬೇಕಿತ್ತು.

ಆ ಮಣ್ಣಿನ ಗುಂಡಿಗೆ ಮಧ್ಯಾಹ್ನ ಜೇನು ನೀರಿಗೆ ಮುತ್ತುತ್ತಿತ್ತು. ತುಳಿಯೋರು ಕಾಲಿಡಲು ಹೆದರಿದರು. ಒಂದು ಅಗಲವಾದ ಮಣ್ಣಿನ ತಟ್ಟೆಗೆ ಕಲ್ಲುಹರಳು ತುಂಬಿ ನೀರು ಹಾಕಿ ದೂರ ಇಟ್ಟೆ. ಎರಡೇ ದಿನದಲ್ಲಿ ಹುಳ ಅಲ್ಲಿಗೆ ಹೋದವು. ಹರಳು ಬೇಕೇ ಬೇಕು, ಇಲ್ಲವಾದರೆ ಮುಳುಗಿ ಸಾಯುತ್ತವೆ.

ನಾನು ಮಾಡಿದ ತಪ್ಪನ್ನೂ ಹೇಳಬೇಕು. ಗೋಡೆ ಎದ್ದು ನೆರಳಾಯಿತಲ್ಲ ಅಂತ ಒಂದು ರಾತ್ರಿ ಪೆಟ್ಟಿಗೆಯೊಂದನ್ನು ಮೂವತ್ತಡಿ ದೂರದಿಂದ ಎತ್ತಿ ತಂದು ಗೋಡೆ ಪಕ್ಕ ಇಟ್ಟೆ. ಮಾರನೇ ದಿನ ಮೇಯಲು ಹೋದ ಹುಳಗಳೆಲ್ಲ ಹಳೇ ಜಾಗಕ್ಕೇ ಬಂದು, ಪೆಟ್ಟಿಗೆ ಕಾಣದೆ ಬರೀ ಕೊಂಬೆಗೆ ಗೊಂಚಲಾಗಿ ಕೂತವು. ಸಂಜೆ ಪೆಟ್ಟಿಗೆಯನ್ನು ಅಲ್ಲೇ ವಾಪಸ್ ಇಟ್ಟೆ, ಬದುಕಿತು. ಆಮೇಲೆ ದಿನಕ್ಕೆ ಎರಡಡಿಯಂತೆ 15 ದಿನ ಸರಿಸಿದೆ. ಜೇನಿಗೆ ಗೊತ್ತಿರೋದು ಜಾಗ, ಪೆಟ್ಟಿಗೆಯಲ್ಲ.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಾರೆ. ಆ ವರ್ಷ ನಮ್ಮಲ್ಲಿ ಭರಣಿ ಒಂದೇ ರಾತ್ರಿ ಜಡಿದು, ಇನ್ನೂ ಸೂರಿಲ್ಲದ ತೆಂಕಣ ಮೂಲೆ ಕುಸಿಯಿತು. ಐದು ವರಸೆ ಕೆಲಸ ಕೆಸರು. ಊರವರು ಮಳೆಗೆ ಖುಷಿಪಡ್ತಿದ್ದರು, ನಾನು ತಲೆ ಮೇಲೆ ಕೈಹೊತ್ತಿದ್ದೆ. ಬಿದ್ದ ಮಣ್ಣನ್ನೇ ಮತ್ತೆ ತುಳಿದು ಕಟ್ಟಿದೆವು. ಕಟ್ಟುವಾಗ ಅಜ್ಜನ ಮನೆಯ ಗೋಡೆ ನೆನಪಾಯಿತು. ಅಲ್ಲಿ ಮಡಕೆಯೊಂದನ್ನು ಅಡ್ಡ ಹುದುಗಿಸಿ ಜೇನು ಕೂರಿಸುತ್ತಿದ್ದರು. ನಾನೂ ಒಂದು ದೊಡ್ಡ ಮಡಕೆ ಮಲಗಿಸಿದೆ. ತಳಕ್ಕೆ ಕಿರುಬೆರಳು ಹೋಗುವಷ್ಟು ತೂತು ಕೊರೆದು ಹೊರಗೆ ಬಿಟ್ಟೆ. ಬಾಯಿ ಕೋಣೆಯೊಳಗೆ, ಅದಕ್ಕೊಂದು ಹಲಗೆ ಮುಚ್ಚಳ. ಒಳಗೆ ಹಳೇ ಮೇಣ ಸವರಿದೆ. ರೋಹಿಣಿ ಹುಟ್ಟುವ ಮೊದಲು ಹಳೇ ಮಂಗಳೂರು ಹೆಂಚು ಏರಿತು. ಹೆಂಚು, ಮರಮುಟ್ಟು, ಕೂಲಿ ಸೇರಿ 41 ಸಾವಿರ ಖರ್ಚು. ಅದರಲ್ಲಿ ಬಿದ್ದ ಮೂಲೆಯದೇ ಮೂರೂವರೆ ಸಾವಿರ.

2025ರ ಬೇಸಿಗೆಯಲ್ಲಿ ಎರಡು ಪೆಟ್ಟಿಗೆಯಿಂದ ಏಳು ಕೆಜಿ ತುಪ್ಪ ಬಂತು. ಖರ್ಚಿಗೆ ಇದು ಲೆಕ್ಕವೇ ಅಲ್ಲ. ಆದರೆ ಹೊಂಗೆ ಹೂ ಬಿಡೋ ಹೊತ್ತಿಗೆ ಒಂದು ಪಾಲು ಹಾರಿಬಂದು ಮಡಕೆ ಸೇರಿತ್ತು. ರಾತ್ರಿ ಮಲಗಿ ಗೋಡೆಗೆ ಕಿವಿಯಿಟ್ಟರೆ ಗುಂಯ್ ಅನ್ನುತ್ತದೆ. ಮೊದಲು ಕೇಳಿಸಿಕೊಂಡವಳು ನಮ್ಮಾಕೆ. ಮುಚ್ಚಳ ಮುಟ್ಟಬೇಡಿ, ಈ ವರ್ಷದ್ದು ಅವಕ್ಕೇ ಇರಲಿ ಅಂದಳು. ನಾನೂ ಮುಟ್ಟಲಿಲ್ಲ.